ಬಿಟ್ಟರೂ ಬಿಡದ ‘ಲೀವ್’

ಹುಣ್ಣಿಮೆ ದಿನ ಹುಲಿಗೆಮ್ಮನ ಗುಡಿಯಿಂದ ಹೊರಗೆ ಬಂದಾಗ ಅಕ್ಕನ ಮಗ ಕೇಳಿದ: “ಮಾಮಾ, ‘ಲೀವ್’ ಅಂದ್ರ ಏನ?”

“ಬಿಡು” ಅಂದೆ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು.

ಹುಡುಗ ಸುರು ಹಚ್ಚಿಕೊಂಡ. ಬಸ್ ಬಿಟ್ಟಿತು, ಲೀವ್. ಸರಿ. ಊರು ಬಿಟ್ಟರು, ಲೀವ್. ಅದೂ ಸರಿ. ಸಾಲಿ ಬಿಡ್ತು? ಸಾಲಿ ಎಲ್ಲಿಗೂ ಹೋಗೂದಿಲ್ಲಪಾ! ಅಪ್ಪ ತಂಬಾಕ ಬಿಟ್ಟ? ಅದಕ್ಕೆ ‘ಗಿವ್ ಅಪ್’. (ಬಿಟ್ಟಿಲ್ಲ, ಅದು ಬೇರೆ ಮಾತು.) ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟರು? ಅದಕ್ಕೆ ‘ರಿಲೀಸ್’, ಸಿನಿಮಾಕ್ಕೆ ಹೇಳುವ ಹಾಗೆ.

“ಹಂಗಾರ 2024ರ ಆಗಸ್ಟ್‌ನ್ಯಾಗ 19ನೇ ಗೇಟು ಕೊಚ್ಚಿ ಹೋತಲ್ಲ, ಅವಾಗ?”

ಆ ಗೇಟಿನ ನೀರನ್ನು ಯಾರೂ ಬಿಡಲಿಲ್ಲ, ಅದೇ ಲೀವ್ ಆಯಿತು! ವ್ಯಾಕರಣ ನನ್ನ ಕೈ ಹಿಡಿದದ್ದು ಅದೊಂದೇ ಸಲ.

ಇಂಗ್ಲಿಷ್ ಕಲಿಯುವ ಕೊರಿಯಾದವರಿಗೆ ಬೇರೆ ಗೋಳು. ಹೊರಟುಹೋಗುವುದಕ್ಕೆ ‘ತೊನಾದಾ’, ಉಳಿಸಿ ಹೋಗುವುದಕ್ಕೆ ‘ನಮ್ಗಿದಾ’ ಅಂತ ಅವರಲ್ಲಿ ಎರಡು ಮಾತು. ಇಂಗ್ಲಿಷಿನವರು ಎರಡನ್ನೂ ಒಂದೇ ಲೀವಿನ ಚೀಲಕ್ಕೆ ತುರುಕುತ್ತಾರೆ. ನಮ್ಮದು ಉಲ್ಟಾ. ಒಂದು ‘ಬಿಡು’ವಿಗೆ ಅವರ ಅರ್ಧ ಡಿಕ್ಷನರಿ ಸಾಲದು. ‘ಹೇಳಿಬಿಡು’, ‘ತಿಂದುಬಿಡು’ ಅನ್ನುವಾಗ ಬಾಲಕ್ಕೆ ಅಂಟಿದ ಬಿಡುವಿಗೆ ಏನು ಅನ್ನಲಿ?

“ಹೋಗ್ಲಿ ಬಿಡು ಮಾಮಾ, ಇದಕ್ಕ ಇಂಗ್ಲಿಷಿನ್ಯಾಗ ಏನಂತಾರ?”

ಅಷ್ಟರಲ್ಲಿ ಮುನಿರಾಬಾದ್ ಸ್ಟೇಷನ್ನಿಂದ ನಮ್ಮ ಗಾಡಿ ಬಿಟ್ಟಿತ್ತು. ಅದಕ್ಕೆ ಮಾತ್ರ ಲೀವ್ ಸರಿಯಾಗಿ ಒಪ್ಪುತ್ತದೆ.