ಫ್ರಿಜ್ಜಿನ ಬೆನ್ನು ಕೇಳೋರ್ಯಾರು?

ಗದಗ-ಬೆಟಗೇರಿಯ ಬೇಕರಿಗಳಾಗ ಈಗ ಗಾಜಿನ ಫ್ರಿಜ್ಜಿಗೇ ಅಗ್ರಪೂಜೆ. ಅದನ್ನ ಇಡೋ ಜಾಗದ ವಿಷಯದಾಗ ಮಾತ್ರ ಶಾಸ್ತ್ರ ಒಂದು, ರೂಢಿ ಇನ್ನೊಂದು. 'ಬಿಸಿಲು ಬೀಳಬಾರದ್ರೀ, ಹಿಂದ ಗಾಳಿಯಾಡಬೇಕು' ಅಂತಾನ ಮೆಕ್ಯಾನಿಕ್. 'ಗಿರಾಕಿಗೆ ಕಾಣಬೇಕಲ್ಲೋ ತಮ್ಮಾ' ಅಂತ ಸಾಹುಕಾರ್ರು ಬಾಗಿಲದಾಗ, ಪಡುವಣ ಬಿಸಿಲಿಗೇ ನಿಲ್ಲಸ್ತಾರ. ಮಗ್ಗಲಕ್ಕ ಮಿರ್ಚಿ ಭಜಿ ಕಡಾಯಿ!

ಫ್ರಿಜ್ಜು ಥಂಡಿ ಹುಟ್ಟಸೂದಿಲ್ಲ. ಒಳಗಿನ ಬಿಸಿ ಹೊತ್ತು ಹೊರಗ ಹಾಕೋ ಹಮಾಲ ಅದು. ಹೊರಗೂ 40 ಡಿಗ್ರಿ ಇದ್ರ ಎಲ್ಲಿ ಇಳಿಸಬೇಕು ಪಾಪ?

ಮುಂಡರಗಿ ಕಡೆ ಗಾಳಿಗೆ ಎರಡು ಕೆಲಸ: ಗುಡ್ಡದ ಮ್ಯಾಲೆ ಫ್ಯಾನು ತಿರುಗಿಸಿ ಕರೆಂಟು ಮಾಡೋದು, ಊರಾಗ ಫ್ರಿಜ್ಜಿನ ಬೆನ್ನಿಗಿರೋ ಕಂಡೆನ್ಸರಿಗೆ (ಬಿಸಿ ಹೊರಗ ಹಾಕೋ ಕಾಯಿಲು) ಧೂಳು ತುಂಬಿ ಅದೇ ಕರೆಂಟು ಮುಗಸೋದು. ಲಕ್ಷ್ಮೇಶ್ವರಕ್ಕ ಬಂದ್ರ ಬಾಗಿಲದ ರಬ್ಬರು ಸೀಳಿರ್ತೈತಿ. ಶಿರಹಟ್ಟಿಯಾಗ ಬಿಲ್ಲಿನ ಅಂಜಿಕಿಗೆ ರಾತ್ರಿ ಸ್ವಿಚ್ಚು ಬಂದ್. 5 ಡಿಗ್ರಿ ಒಳಗಿರಬೇಕಾದ ಹಾಲು ಮುಂಜಾನೆ ತಾನಾಗೇ ಮೊಸರಿನ ದರಕ್ಕ ಏರಿರ್ತೈತಿ.

ಖಂಡೇನವಮಿಗೆ ಮುಂದಿನ ಗಾಜಿಗೆ ವಿಭೂತಿ, ಚೆಂಡುಹೂವು, ಕಾಯಿ, ಕರ್ಪೂರ. ಹಿಂದಿನ ಕಾಯಿಲಿಗೆ ಎಂಟಾಣೆ ಬ್ರಶ್ಶೂ ಇಲ್ಲ. ಪೂಜೆ ಮುಂದ ಮಾಡ್ರಿ, ಬ್ಯಾಡ ಅನ್ನೂದಿಲ್ಲ; ಫ್ರಿಜ್ಜಿನ ಜೀವ ಹಿಂದ ಐತ್ರೀ!