ಜರಾಸಂಧನ ಗೇರ್‌ಬಾಕ್ಸ್

ಯಾರೂ ಕೊಳ್ಳದೆ ತಯಾರಿಕೆಯೇ ನಿಂತುಹೋದ ಕಾರನ್ನು ಕ್ವಾಲಾಲಂಪುರದ ಸೆಕೆಂಡ್‌ಹ್ಯಾಂಡ್ ವ್ಯಾಪಾರಿಗಳು ‘ರೇರ್’ ಅನ್ನುತ್ತಾರೆ. ನಮ್ಮೂರಿನಲ್ಲಿ ಇದನ್ನೇ ಸತ್ತೆಮ್ಮೆಗೆ ಸೇರು ತುಪ್ಪ ಅನ್ನುತ್ತಿದ್ದರು. ಎರಡೂ ಭಾಷೆ ಬಲ್ಲ ನಾನು ವ್ಯಾಪಾರಿಯ ಭಾಷೆಯನ್ನೇ ನಂಬಿ 18,000 ರಿಂಗಿಟ್ ಎಣಿಸಿ ಕೊಟ್ಟೆ.

ಕಂಪನಿಯ ಹೆಸರು ಹೇಳುವುದಿಲ್ಲ. ಅವರು ಆ ಮಾಡೆಲನ್ನು ಮರೆತು ನೆಮ್ಮದಿಯಾಗಿದ್ದಾರೆ, ನಾನ್ಯಾಕೆ ನೆನಪಿಸಲಿ? ಕಪ್ಪು ಬಣ್ಣದ ಎಸ್‌ಯುವಿ, ಏಳು ಸೀಟು. ಮನೆಯಲ್ಲಿರುವವರು ಮೂರೇ ಜನ. ಮಿಕ್ಕ ಕಾರುಗಳಿಗಿಂತ ಅದು ಗೇಣುದ್ದ ಎತ್ತರ, ಅಷ್ಟೆ. ಆ ಗೇಣಿಗಾಗಿಯೇ ಇಷ್ಟೆಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಪುಟ್ಟ ಮೈವಿ ಕಾರಿನ ನೆತ್ತಿ ಕಾಣಿಸಬೇಕು. ಸಿಗ್ನಲ್ ಬಿಟ್ಟ ಮೇಲೆ ಅದೇ ಮೈವಿಯ ಹಿಂಭಾಗ ಕಾಣಿಸುತ್ತದೆ, ಆ ಮಾತು ಬೇರೆ.

ಹೊಸದನ್ನೇ ಕೊಳ್ಳಬಾರದಿತ್ತಾ ಅಂತ ಊರಿನಿಂದ ಫೋನ್ ಮಾಡಿ ಕೇಳುವವರಿದ್ದಾರೆ. ಅವರಿಗೆ ಮಲೇಷ್ಯಾದ ಇತಿಹಾಸ ಗೊತ್ತಿಲ್ಲ. ನಮಗೂ ನಮ್ಮದೇ ಕಾರು ಬೇಕೆಂದು ಆಗಿನ ಪ್ರಧಾನಿ ಮಹಾತಿರ್ ಹಟ ಹಿಡಿದು 1983ರಲ್ಲಿ ಪ್ರೋಟಾನ್ ಕಂಪನಿ ಕಟ್ಟಿಸಿದರು. ಕೈಗೂಸಿಗೆ ಹೊರಗಿನ ಗಾಳಿ ಸೋಕಬಾರದಲ್ಲ, ಮಿಕ್ಕ ಕಾರುಗಳ ಮೇಲೆ ತೆರಿಗೆಯ ಗೋಡೆ ಎದ್ದಿತು. ಕಾರಿನ ಅಬಕಾರಿ ಸುಂಕ ಈಗಲೂ ಶೇಕಡ 60ರಿಂದ 105ರವರೆಗೆ ಇದೆ. ಕೂಸಿಗೆ ನಲವತ್ತು ದಾಟಿತು, 2017ರಲ್ಲಿ ಅದರ ಶೇಕಡ 49.9 ಪಾಲನ್ನು ಚೀನಾದ ಜೀಲಿ ಕೊಂಡೂ ಆಯಿತು. ಹಾಲುಪುಡಿಯ ದುಡ್ಡು ಮಾತ್ರ ನಮ್ಮ ಹತ್ತಿರ ವಸೂಲಾಗುತ್ತಲೇ ಇದೆ. ಹೊಸ ಕಾರಿಗೆ ಬ್ಯಾಂಕಿನವರು 9 ವರ್ಷದ ಕಂತು ಕೊಡುತ್ತಾರೆ. ಸಾಲ ತೀರುವ ಹೊತ್ತಿಗೆ ಮಗಳು ಕಾಲೇಜು ಸೇರಿರುತ್ತಾಳೆ, ಕಾರು ‘ರೇರ್’ ಆಗಿರುತ್ತದೆ. ಹೇಗೂ ಅಲ್ಲಿಗೇ ಬರುವುದಾದರೆ ಮೊದಲೇ ಹೋಗಿ ಕೂತರಾಯಿತು ಎಂಬುದು ನನ್ನ ಲೆಕ್ಕ.

ನಿಂತುಹೋದ ಎಸ್‌ಯುವಿಗಳಲ್ಲೂ ಮರ್ಯಾದಸ್ಥರಿದ್ದಾರೆ ಅನ್ನಿ. ಪೆರೋಡುವಾ ಎಂಬ ಕಂಪನಿಯ ಹೆಸರಿನಲ್ಲೇ ‘ಎರಡನೆಯದು’ ಎಂಬ ಅರ್ಥವಿದೆ. ಮಾರಾಟದಲ್ಲಿ ಅದೇ ಮೊದಲನೆಯದು. ಅವರು 1998ರಲ್ಲಿ ‘ಕೆಂಬಾರ’ ಅಂತ ಪುಟ್ಟ ಎಸ್‌ಯುವಿ ತಂದರು. ಮಲಯ್ ಭಾಷೆಯಲ್ಲಿ ಹಾಗೆಂದರೆ ಅಲೆದಾಟ. ಒಳಗೆಲ್ಲ ದೈಹಾಟ್ಸು ಟೆರಿಯೋಸ್, ನಾಲ್ಕೂ ಗಾಲಿಗೆ ಶಕ್ತಿ, ಬೆನ್ನಿಗೆ ಸ್ಟೆಪ್ನಿ. ಹತ್ತು ವರ್ಷ ಅಲೆದು 2008ರಲ್ಲಿ ನಿವೃತ್ತಿಯಾಯಿತು. ಅದರ ಜಾಗಕ್ಕೆ ಬಂದ ನಾಟಿಕಾ 2009ಕ್ಕೇ ಗಂಟುಮೂಟೆ ಕಟ್ಟಿತು. ಮತ್ತೊಂದು ಎಸ್‌ಯುವಿ ತರಲು ಪೆರೋಡುವಾಗೆ 2019ರವರೆಗೆ ಧೈರ್ಯ ಸಾಲಲಿಲ್ಲ. ‘ಕೆಂಬಾರ ತಗೊಳ್ಳಿ, ಬಿಡಿಭಾಗ ಸಿಗತ್ತೆ’ ಅಂತ ಸಹೋದ್ಯೋಗಿ ಹೇಳಿದ್ದ. ಅದು ಗಿಡ್ಡ. ನನಗೆ ಗೇಣು ಬೇಕಿತ್ತು.

ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ದಲ್ಲಾಳಿ ಏನು ಹೇಳಿದರೂ ತಾತ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಎತ್ತಿನ ತುಟಿ ಎತ್ತಿ ಹಲ್ಲು ಎಣಿಸುವುದು, ಬೆನ್ನ ಮೇಲೆ ಸುಳಿ ಹುಡುಕುವುದು, ಗೊರಸು ನೋಡುವುದು, ಆಮೇಲೆ ಟವೆಲಿನ ಕೆಳಗೆ ಬೆರಳು ಹಿಡಿದು ರೇಟು. ಆ ವಿದ್ಯೆ ರಕ್ತದಲ್ಲೇ ಬಂದಿದೆ ಎಂಬ ಧೈರ್ಯದಲ್ಲಿ ಅಂಗಡಿಗೆ ಹೋದೆ.

‘ಬಾಸ್, ಒನ್ ಓನರ್. ಲೇಡಿ ಡಾಕ್ಟರ್. ಸಂಡೇ ಮಾತ್ರ ಓಡ್ಸಿದ್ದು’ ಎಂದ ಅಂಗಡಿಯ ಅಂಕಲ್. ಈ ದೇಶದಲ್ಲಿ ಟೀ ತರುವವನಿಗೆ ನಾನು ಬಾಸ್, ನನಗೆ ಅವನು ಬಾಸ್. ಮಾರಾಟಕ್ಕಿರುವ ಹಳೇ ಕಾರುಗಳೆಲ್ಲ ಲೇಡಿ ಡಾಕ್ಟರುಗಳವೇ. ಇವರೆಲ್ಲ ವಾರದ ದಿನ ಆಸ್ಪತ್ರೆಗೆ ಹೇಗೆ ಹೋಗುತ್ತಿದ್ದರೋ.

ಮೀಟರು 88,000 ಕಿಲೋಮೀಟರ್ ತೋರಿಸುತ್ತಿತ್ತು. ಸ್ಟಿಯರಿಂಗಿನ ಚರ್ಮ ತೊಳೆದ ಬಟಾಣಿಯ ಹಾಗೆ ನುಣ್ಣಗಾಗಿತ್ತು, ಬ್ರೇಕ್ ಪೆಡಲ್ಲಿನ ರಬ್ಬರು ಒಂದು ಮೂಲೆಯಲ್ಲಿ ತಗಡು ಕಾಣುವಷ್ಟು ಸವೆದಿತ್ತು. ತಾತ ನೋಡಿದ್ದರೆ, ‘ಬಾಯ್ಗೂಡಿ ಬಾಳ ವರ್ಷ ಆಗೈತೆ, ನಡಿ ಮಗ’ ಅಂದು ಪಂಚೆ ಕೊಡವಿ ಎದ್ದುಬಿಡುತ್ತಿದ್ದ. ನಾನು ಟಯರಿಗೆ ಹಚ್ಚಿದ ಕಪ್ಪು ಪಾಲಿಶ್ ನೋಡುತ್ತಾ ನಿಂತಿದ್ದೆ.

2021ರ ಡಿಸೆಂಬರಿನಲ್ಲಿ ಶಾ ಆಲಂ ಸುತ್ತಮುತ್ತ ಪ್ರವಾಹ ಬಂದು ಸಾಲುಸಾಲು ಕಾರು ಮುಳುಗಿದವಲ್ಲ, ಅಂಥವು ತೊಳೆಸಿಕೊಂಡು ಮತ್ತೆ ಮಾರುಕಟ್ಟೆಗೆ ಬರುತ್ತವೆ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯಾ ನೋಡು ಅಂತ ಯಾರೋ ಹೇಳಿಕೊಟ್ಟಿದ್ದರು. ಎಳೆದೆ. ಒಂದು ಗೆರೆಯಿಲ್ಲ, ಬೆಲ್ಟು ಹೊಚ್ಚಹೊಸದು. ಹದಿನೈದು ವರ್ಷದ ಕಾರಿಗೆ ಹೊಚ್ಚಹೊಸ ಬೆಲ್ಟು ಯಾಕೆ ಬಂತು ಅಂತ ಕೇಳಬೇಕೆಂದು ಹೊಳೆದದ್ದು ಮೂರು ತಿಂಗಳಾದ ಮೇಲೆ. ಹಿಂದಿನ ಸೀಟಿನ ಕೆಳಗೆ ಒಂದು ಕಂತೆ ಪಾಂಡಾನ್ ಎಲೆ ಇಟ್ಟಿದ್ದರು. ನಮ್ಮ ಕೇದಗೆಯ ಬಳಗದ್ದು, ಇಲ್ಲಿ ಅನ್ನಕ್ಕೂ ಹಾಕುತ್ತಾರೆ, ಘಮ ಬರಲೆಂದು ಕಾರಿನಲ್ಲೂ ಇಡುತ್ತಾರೆ. ಕಾರಿನೊಳಗೆ ಹಬ್ಬದಡುಗೆಯ ಪರಿಮಳ. ಆ ಪರಿಮಳದ ಅಡಿಯಲ್ಲಿ ಕೆರೆಯ ವಾಸನೆಯಿತ್ತು ಎಂದು ಹೆಂಡತಿ ಈಗ ಹೇಳುತ್ತಾಳೆ.

ಸುಳಿಯೂ ಇತ್ತು. ನಂಬರ್ ಪ್ಲೇಟಿನಲ್ಲಿ ಎರಡು ನಾಲ್ಕು. ಚೀನೀಯರಿಗೆ ನಾಲ್ಕು ಅಂದರೆ ಸಾವು ಅಂದ ಹಾಗೆ ಕೇಳಿಸುತ್ತದೆ, ಎಂಟು ಅಂದರೆ ಸಿರಿ. ‘ಫೋರ್ ಇದೆ, ಅದಕ್ಕೇ ಫೈವ್ ಹಂಡ್ರೆಡ್ ಕಮ್ಮಿ’ ಎಂದು ಅಂಕಲ್ ತಾನಾಗಿಯೇ ಇಳಿಸಿದ. ಇಂಥ ಮೂಢನಂಬಿಕೆಗಳಿಗೆ ಒಳಗಿಂದೊಳಗೇ ನಕ್ಕು, ವೈಜ್ಞಾನಿಕ ಮನೋಭಾವದಿಂದ ಮುಂಗಡ ಕೊಟ್ಟೆ. ಉಳಿದದ್ದೂ ನಗದೇ. ಅಷ್ಟು ಹಳೆಯ ಗಾಡಿಗೆ ಸಾಲ ಅಂದಾಗ ಬ್ಯಾಂಕಿನ ಹುಡುಗಿ ನನ್ನ ವಯಸ್ಸನ್ನೂ ಕೇಳಿ, ಎರಡನ್ನೂ ಕೂಡಿಸಿ, ಸುಮ್ಮನಾದಳು.

ಮಾಲೀಕರು ಬದಲಾಗಬೇಕಾದರೆ ಕಾರು ಪುಸ್ಪಾಕೊಮ್‌ನಂಥ ತಪಾಸಣಾ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಾರು ಪಾಸಾಯಿತು, ನಾನು ಸಿಹಿ ಹಂಚಿದೆ. ಚಾಸಿ ನಂಬರು, ಇಂಜಿನ್ ನಂಬರು ತಾಳೆಯಾದರೆ ಇದು ಇದೇ ಕಾರು ಅಂತ ಅವರು ಹೇಳಬಲ್ಲರು. ಗೇರ್‌ಬಾಕ್ಸಿನ ಆಯುಸ್ಸು ಹೇಳುವುದು ಅವರ ಕೆಲಸವಲ್ಲ. ಆಧಾರ್ ಕಾರ್ಡು ತೋರಿಸಿ ಬಿಪಿ ಇಲ್ಲವೆಂದು ನಂಬಿದವನ ಸ್ಥಿತಿ ನನ್ನದು.

ಪೆಟ್ರೋಲಿನ ಕಥೆ ಬೇಗ ಮುಗಿಸುತ್ತೇನೆ, ಟ್ಯಾಂಕೂ ಬೇಗ ಮುಗಿಯುತ್ತದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಸರ್ಕಾರ ತನ್ನ ಪ್ರಜೆಗಳಿಗೆ ಲೀಟರಿಗೆ 1.99 ರಿಂಗಿಟ್ಟಿನ ದರ ತಂದಿತು. ನನ್ನಂಥ ಪರದೇಶಿಗಳಿಗೆ ಮಾರುಕಟ್ಟೆಯ ದರ. ಬಂಕಿನಲ್ಲಿ ಹಿಂದೆ ನಿಂತ ಮೈವಿಯವನು ಗುರುತಿನ ಚೀಟಿ ತೋರಿಸಿ ತುಂಬಿಸಿಕೊಂಡು ಹೋಗುವಾಗ ನನ್ನತ್ತ ತಲೆಯೆತ್ತಿ ನೋಡಿದ. ಎತ್ತರದಲ್ಲಿದ್ದೆನಲ್ಲ.

ಎರಡನೇ ತಿಂಗಳು ಗೇರ್‌ಬಾಕ್ಸ್ ಹೋಯಿತು. ಮೂರನೆಯ ಗೇರಿಗೆ ಏರುವಾಗ ಒಮ್ಮೆ ಬಿಕ್ಕಳಿಸಿ, ತುಸು ಯೋಚಿಸಿ, ಮತ್ತೆ ಎರಡಕ್ಕೇ ಇಳಿಯುತ್ತಿತ್ತು. ತಮಿಳು ಮೆಕಾನಿಕ್ ಅಡಿಗೆ ನುಗ್ಗಿ, ಹೊರಗೆ ಬಂದು, ಕೈ ಒರೆಸಿಕೊಂಡ.

‘ಹೊಸದು ಸಿಗಲ್ಲ ಬಾಸ್. ಹಾಫ್‌ಕಟ್ ನೋಡೋಣ.’

‘ಹಾಗಂದ್ರೇನು ಅಣ್ಣೇ?’

ಕ್ಲಾಂಗ್ ಕಡೆಯ ಒಂದು ಯಾರ್ಡಿಗೆ ಕರೆದೊಯ್ದು ತೋರಿಸಿದ. ಜಪಾನಿನಲ್ಲಿ ಕಾರಿಗೆ ವಯಸ್ಸಾದಷ್ಟೂ ತಪಾಸಣೆಯ ಖರ್ಚು ಏರುತ್ತದೆ, ಜನ ಬಿಟ್ಟುಬಿಡುತ್ತಾರೆ. ಇಡೀ ಕಾರಾಗಿ ಇಲ್ಲಿಗೆ ತಂದರೆ ಪರ್ಮಿಟ್ಟು, ಸುಂಕ. ಅದಕ್ಕೆ ಅಡ್ಡಡ್ಡ ಕೊಯ್ದು ಹಡಗಿಗೆ ತುಂಬುತ್ತಾರೆ. ಅರ್ಧ ಕಾರು ಕಾರಲ್ಲ, ಬಿಡಿಭಾಗ. ಆ ಯಾರ್ಡಿನಲ್ಲಿ ಮೂತಿಗಳೇ ಮೂತಿಗಳು, ಒಂದರ ಮೇಲೊಂದು: ಹೆಡ್‌ಲೈಟು, ಇಂಜಿನ್ನು, ಡ್ಯಾಶ್‌ಬೋರ್ಡು, ಆಮೇಲೆ ಬರೀ ಗಾಳಿ. ಒಂದರ ಕನ್ನಡಿಗೆ ಜಪಾನಿ ದೇವಸ್ಥಾನದ ತಾಯಿತ ಇನ್ನೂ ನೇತಾಡುತ್ತಿತ್ತು. ಇಬ್ಬರು ತಾಯಂದಿರಿಗೆ ಅರ್ಧರ್ಧ ಹುಟ್ಟಿದ ಜರಾಸಂಧನನ್ನು ಜರೆ ಎಂಬ ರಾಕ್ಷಸಿ ಜೋಡಿಸಿದಳಂತೆ. ನಮ್ಮ ಅಣ್ಣೇ ಅದನ್ನೇ ಮಾಡುತ್ತಾನೆ, ಲೇಬರ್ ಚಾರ್ಜ್ ಬೇರೆ. 4,500 ರಿಂಗಿಟ್ಟಿಗೆ ನನ್ನ ಕಾರು ಎರಡು ದೇಶದ ಹೊಟ್ಟೆಯಲ್ಲಿ ಹುಟ್ಟಿದ ಮಗುವಾಯಿತು.

ಆ ಹುಮ್ಮಸ್ಸಿನಲ್ಲಿ ಕ್ಯಾಮರನ್ ಹೈಲ್ಯಾಂಡ್ಸ್‌ಗೆ ಹೊರಟೆವು. ಎಸ್‌ಯುವಿ ಇದ್ದ ಮೇಲೆ ಬೆಟ್ಟ ಹತ್ತಬೇಡವೆ? ತಾಪಾದಿಂದ ಮೇಲೇರುವ ತಿರುವುಗಳಲ್ಲಿ ಟೆಂಪರೇಚರ್ ಮುಳ್ಳು ನಮಗಿಂತ ಮೊದಲು ಬೆಟ್ಟ ಹತ್ತಿತು. ಬಾನೆಟ್ ತೆರೆದು ಹೊಗೆಯ ಮಧ್ಯೆ ನಿಂತಿದ್ದಾಗ ಒಂದು ಲ್ಯಾಂಡ್ ರೋವರ್ ಕೆಮ್ಮುತ್ತಾ ಬಂತು. ಅಲ್ಲಿನ ತರಕಾರಿ ಬೆಳೆಗಾರರು ದಶಕಗಳಿಂದ ಓಡಿಸುವ ಜಾತಿಯದು. ಬಾಗಿಲಿಲ್ಲ, ಬಣ್ಣವಿಲ್ಲ, ಬೆನ್ನ ತುಂಬ ಎಲೆಕೋಸು. ನನ್ನ ಗಾಡಿಗಿಂತ ಮೊದಲೇ ತಯಾರಿಕೆ ನಿಂತದ್ದು. ಓಡಿಸುವವನು ವೇಗ ತಗ್ಗಿಸದೆ ಕೈಬೀಸಿದ.

‘ರೀ, ಅದು ರೇರಾ?’ ಎಂದಳು ಹೆಂಡತಿ.

ಮೊನ್ನೆ ಮಾಲ್‌ನ ಪಾರ್ಕಿಂಗಿನಲ್ಲಿ ನನ್ನದೇ ಮಾಡೆಲ್ಲಿನ ಇನ್ನೊಂದು ಕಾರು ಬಂದು ಪಕ್ಕದಲ್ಲೇ ನಿಂತಿತು. ಒಂದೂವರೆ ವರ್ಷದಲ್ಲಿ ನಾನು ನೋಡಿದ ಎರಡನೆಯದು. ಅದರಿಂದ ಇಳಿದ ಮಲಯ್ ಮಹಾಶಯರು ನನ್ನ ಕಾರಿನ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿದರು. ಹಿಂದಿನ ದೀಪದ ಗಾಜನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಬಹಳ ಸೌಜನ್ಯದಿಂದ, ಗೇರ್‌ಬಾಕ್ಸ್ ಹೇಗಿದೆ, ಮಾರುವ ಯೋಚನೆ ಇದೆಯಾ, ಅಥವಾ ಪೂರ್ತಿ ಕೆಟ್ಟು ನಿಂತರೆ ಮೊದಲು ತಮಗೇ ತಿಳಿಸಬಹುದೇ ಎಂದು ಕೇಳಿ ಫೋನ್ ನಂಬರ್ ಕೊಟ್ಟರು.

ಅವರು ಲಿಫ್ಟಿನತ್ತ ಹೋದ ಮೇಲೆ ನಾನು ಬಗ್ಗಿ ನೋಡಿದೆ. ಅವರ ಕಾರಿನ ಎಡಗಡೆ ಕನ್ನಡಿ ಒಂದು ಗೀರೂ ಇಲ್ಲದೆ ಚೆನ್ನಾಗಿದೆ. ಪ್ಲೇಟಿನ ನಂಬರ್ ಬರೆದಿಟ್ಟುಕೊಂಡಿದ್ದೇನೆ.