ಮಾಡ್ಸೋಣಪ್ಪನವರ ಸೋಮವಾರ

ಪ್ರತಿ ಊರಿನಲ್ಲೂ ಒಬ್ಬ ಮಾಡ್ಸೋಣಪ್ಪ ಇರುತ್ತಾರೆ. ಮಗನ ಸೀಟು, ಅತ್ತೆಯ ಪಿಂಚಣಿ, ಸೈಟಿನ ಇ-ಖಾತಾ, ತಿರುಪತಿ ದರ್ಶನ, ಏನೇ ಹೇಳಿ, ನಿಮ್ಮ ಮಾತು ಮುಗಿಯುವ ಮೊದಲೇ ಅವರ ಉತ್ತರ ಸಿದ್ಧ: "ಮಾಡ್ಸೋಣ ಬಿಡಿ." ನಮ್ಮ ಪಾಲಿಗೆ ಬಂದವರದು ಬಿಳಿ ಶರಟು, ಜೇಬಿನಲ್ಲಿ ಎರಡು ಫೋನು, ಕಂಕುಳಲ್ಲಿ ಜಿಪ್ ಕಿತ್ತುಹೋದ ಬ್ಯಾಗು. ಆ ಬ್ಯಾಗಿನಲ್ಲಿ ಅರ್ಧ ತಾಲ್ಲೂಕಿನ ಪಹಣಿಗಳ ಜೆರಾಕ್ಸ್ ಇದೆ. ಒಂದೂ ಅವರ ಹೆಸರಿನದಲ್ಲ.

ನಮ್ಮದು ಬೆಂಗಳೂರಿನ ಅಂಚಿನಲ್ಲಿರುವ ಪುಟ್ಟ ಪ್ರಾಣಿ ಆಶ್ರಯ. 60 ನಾಯಿ, 12 ಬೆಕ್ಕು, ಮೂರು ಕಾಲಿನ ಮೇಕೆ, ಕಣ್ಣು ಕಾಣದ ಮುದಿ ಕುದುರೆ. ನಡೆಸುವವರು ನಿವೃತ್ತ ಟೀಚರ್ ಅಕ್ಕ. ಅವರ ಪಿಂಚಣಿಯಲ್ಲಿ ಅರ್ಧ ಅಕ್ಕಿಗೆ, ಅರ್ಧ ಔಷಧಿಗೆ. ಜಾಗ ಬಾಡಿಗೆಯದು, ಅದೂ 11 ತಿಂಗಳ ಕರಾರು. ವರ್ಷ ದಾಟಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಆ ತಾಪತ್ರಯವೇ ಬೇಡವೆಂದು ಮಾಲೀಕರು 11ಕ್ಕೇ ನಿಲ್ಲಿಸುತ್ತಾರೆ. ಹತ್ತನೇ ತಿಂಗಳಿಗೆ ಅಕ್ಕಪಕ್ಕದವರಿಗೆಲ್ಲ ಬೊಗಳು ಕೇಳಿಸತೊಡಗುತ್ತದೆ, ಹನ್ನೊಂದಕ್ಕೆ ನಾವು ಲಾರಿ ಹುಡುಕುತ್ತೇವೆ.

ಆರು ವರ್ಷದ ಹಿಂದೆ ಮಾಡ್ಸೋಣಪ್ಪನವರು ಮೊದಲ ಸಲ ಬಂದರು.

"ಎಷ್ಟು ಬೇಕು ಮೇಡಂನೋರೆ?"

"ಒಂದೆಕರೆ ಸಾಕು. ಯಾರೂ ಎಬ್ಬಿಸಬಾರದು, ಅಷ್ಟೆ."

"ಒಂದ್ಯಾಕೆ, ಎರಡು ಮಾಡ್ಸೋಣ. ತಹಶೀಲ್ದಾರ್ರು ನಮ್ಮೋರೇ. ಸೋಮವಾರ ಬರ್ಲಿ, ಪಕ್ಕಾ."

ಯಾರೋ ಗೋಣಿಚೀಲದಲ್ಲಿ ಕಟ್ಟಿ ಗೇಟಿನ ಬಳಿ ಬಿಟ್ಟುಹೋಗಿದ್ದ ಮರಿಯೊಂದು ಆಗ ಅವರ ಚಪ್ಪಲಿ ಕಚ್ಚುತ್ತಿತ್ತು. ಅಕ್ಕ ಅದಕ್ಕೆ 'ಸೋಮವಾರ' ಎಂದೇ ಹೆಸರಿಟ್ಟರು.

ಆಮೇಲೆ ಜಾಗ ತೋರಿಸುವ ಪರ್ವ. ಅವರ ಬೈಕಿನ ಹಿಂದೆ ಕೂತು ನಾನು ಕಾಣದ ಸರ್ವೆ ನಂಬರಿಲ್ಲ. ಮೊದಲನೆಯದು ಗೋಮಾಳ. ಅದು ದನಗಳ ಮೇವಿಗೆಂದು ಬಿಟ್ಟ ನೆಲ. 100 ದನಕ್ಕೆ 30 ಎಕರೆ ಎಂದು ಭೂಕಂದಾಯ ನಿಯಮದಲ್ಲೇ ಲೆಕ್ಕವಿದೆ. ಆ ಲೆಕ್ಕದಲ್ಲಿ 60 ನಾಯಿಗೆ ಸೊನ್ನೆ. "ಕುದುರೆ ಇದ್ಯಲ್ಲ, ಅದು ಮೇಯಲ್ವಾ?" ಎಂದು ಅವರು ವಾದ ಹೂಡಿದರು. ಎರಡನೆಯದು ಕೆರೆಯಂಗಳ. ಮಳೆ ಬಂದರೆ ಮುಳುಗುತ್ತದಲ್ಲ ಎಂದೆ. "ನಾಯಿಗೆ ಹುಟ್ಟಾ ಈಜು ಬರುತ್ತೆ ಸಾರ್." ಮೂರನೆಯದರ ಪಹಣಿಯ 9ನೇ ಕಾಲಂನಲ್ಲಿ ಏಳು ಮಂದಿ ಅಣ್ಣತಮ್ಮಂದಿರು, 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ. "ಅಣ್ತಮ್ಮಂದಿರ್ನ ರಾಜಿ ಮಾಡ್ಸೋಣ" ಎಂದರು. ಕೃಷ್ಣನೇ ಹಸ್ತಿನಾವತಿಯಿಂದ ಬರಿಗೈಲಿ ವಾಪಸಾದ ಕೆಲಸವದು.

ಕೊಳ್ಳೋಣವೆಂದರೆ, ಟ್ರಸ್ಟುಗಳು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಕಲಮು 2020ರಲ್ಲಿ ರದ್ದಾಗಿದೆ. ಕಾನೂನಿನ ಅಡ್ಡಿ ಹೋಯಿತು, ರೇಟಿನ ಅಡ್ಡಿ ಉಳಿಯಿತು.

ಅವರು ಫೋನ್ ಮಾಡುವುದನ್ನು ನೋಡಬೇಕು. ನಂಬರು ಒತ್ತಿ, ಸ್ಪೀಕರಿಗೆ ಹಾಕಿ, ನಮ್ಮೆಲ್ಲರ ಮುಖವನ್ನೊಮ್ಮೆ ನೋಡುತ್ತಾರೆ. ಚಂದಾದಾರರು ಬೇರೊಂದು ಕರೆಯಲ್ಲಿದ್ದಾರೆ ಎಂದು ಹೆಣ್ಣುದನಿ ಹೇಳುತ್ತದೆ. ಮಾಡ್ಸೋಣಪ್ಪನವರ ಮುಖ ಅರಳುತ್ತದೆ: "ನೋಡಿದ್ರಾ, ನಮ್ ಕೆಲಸದ ಮೇಲೇ ಮಾತಾಡ್ತಾ ಇದಾರೆ!"

2025ರ ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಲ್ಲಿರುವ ನಾಯಿಗಳನ್ನು ಆಶ್ರಯತಾಣಗಳಿಗೆ ಸಾಗಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿತಲ್ಲ, ಅವತ್ತು ಪೇಪರು ಹಿಡಿದು ಓಡಿಬಂದರು. "ಕೋರ್ಟೇ ಹೇಳಿದ್ಮೇಲೆ ಜಾಗ ಬಂದಂಗೇ!" ಜಾಗ ಬರಲಿಲ್ಲ. ನಿಮ್ಮಲ್ಲಿ ಜಾಗವಿದೆಯಾ ಎಂದು ಕೇಳುವ ಫೋನುಗಳು ಬಂದವು. 2023ರ ಬಿಬಿಎಂಪಿ ಗಣತಿಯಲ್ಲೇ ನಗರದ ಬೀದಿನಾಯಿಗಳು 2.79 ಲಕ್ಷ, ನಮ್ಮ 60ಕ್ಕೇ ನಿಂತ ನೆಲ ನಮ್ಮದಲ್ಲ.

ಹಾಗೆಂದು ಅವರನ್ನು ಬೈಯಲು ಹೊರಟರೆ ಲಾರಿಯ ದಿನ ನೆನಪಾಗುತ್ತದೆ. ಪ್ರಾಣಿಯೆಂದರೆ ಪ್ರಾಣ ಎನ್ನುವವರ ಮನೆಗಳಲ್ಲೆಲ್ಲ ಅವತ್ತೇ ನಾಮಕರಣ, ಗೃಹಪ್ರವೇಶ. ಬೆಳಗಿನ ಐದಕ್ಕೇ ಬಂದು ನಿಲ್ಲುವವರು ಮಾಡ್ಸೋಣಪ್ಪನವರೊಬ್ಬರೆ. ಬಿಳಿ ಶರಟು ಕಳಚಿ ಗೇಟಿಗೆ ನೇತುಹಾಕಿ, ಬನಿಯನ್ನಿನಲ್ಲಿ ನಿಂತು, ಕುರುಡು ಕುದುರೆಯ ಕುತ್ತಿಗೆ ನೇವರಿಸುತ್ತ ಹಲಗೆಯ ಮೇಲೆ ಹತ್ತಿಸುತ್ತಾರೆ. "ಹಲಗೆ ಬಂತು ಕಣಪ್ಪ, ಕಾಲೆತ್ತು. ಹ್ಞಾ, ಇನ್ನೊಂದು." ಈ ಮಾತಿನಲ್ಲಿ 'ಮಾಡ್ಸೋಣ' ಇಲ್ಲ, ಕುದುರೆ ನಂಬಿ ಕಾಲೆತ್ತುತ್ತದೆ. ಆರು ವರ್ಷದಲ್ಲಿ ಐದು ಸಲ ಗುಳೆ ಹೋದೆವು. ಐದೂ ಕರಾರಿನಲ್ಲಿ ಸಾಕ್ಷಿಯ ಸಹಿ ಅವರದ್ದೇ.

ಮೊನ್ನೆಯೂ ಬಂದಿದ್ದರು. ಹೊಸ ಪಹಣಿ ಬಿಡಿಸುತ್ತ, "ಸೋಮವಾರ ಬರ್ಲಿ" ಎಂದರು. ಮೂತಿ ನರೆತ ಸೋಮವಾರ, ಕರೆದರೆಂದುಕೊಂಡು ಬಾಲ ಆಡಿಸುತ್ತ ಬಂದು ಅವರ ಕಾಲ ಬಳಿ ಕೂತಿತು.

ಓದುಗರೆ, ಊರಾಚೆ ನಿಮ್ಮದೊಂದು ಎಕರೆ ಪರಿವರ್ತನೆಯಾದ ಜಮೀನು ಸುಮ್ಮನೆ ಬಿದ್ದಿದ್ದರೆ, ಹತ್ತಿರದ ಯಾವುದಾದರೊಂದು ಆಶ್ರಯಕ್ಕೆ ರಿಜಿಸ್ಟರ್ ಆಗುವಂಥ ಕಾಗದ ಬರೆದುಕೊಡಿ. ಬರುವಾಗ ದಾಖಲೆ ತನ್ನಿ. 'ಮಾಡ್ಸೋಣ' ಎನ್ನಲು ನಮ್ಮಲ್ಲಿ ಒಬ್ಬರಿದ್ದಾರೆ.